ಮೊದಲು ಎತ್ತಿಟ್ಟ ಹಿಡಿ ಅಕ್ಕಿ

ಐಜ್ವಾಲಿನಲ್ಲಿ ಬೆಳಗು ಬೇಗ ಆಗುತ್ತದೆ. ದೇಶದ ಪೂರ್ವದ ಅಂಚಿನ ಊರಾದ್ದರಿಂದ ಬೇಸಿಗೆಯಲ್ಲಿ ಐದು ಗಂಟೆಗೆಲ್ಲ ಬೆಟ್ಟಗಳ ನೆತ್ತಿಯ ಮೇಲೆ ಬಿಸಿಲು ಬಿದ್ದಿರುತ್ತದೆ. ಕೆಳಗಿನ ಕಣಿವೆಗಳಲ್ಲಿ ಎಷ್ಟೋ ದಿನ ಮೋಡವಿನ್ನೂ ಕದಲದೆ ನಿಂತಿರುತ್ತದೆ. ಇಳಿಜಾರಿಗೆ ಕಂಬಗಳನ್ನೂರಿ, ಒಂದರ ತಲೆಯ ಮೇಲೆ ಇನ್ನೊಂದು ಕೂತಂತೆ ಕಟ್ಟಿದ ಮನೆಗಳ ಅಡುಗೆಕೋಣೆಗಳಲ್ಲಿ ಆಗಲೇ ದೀಪ ಹತ್ತಿರುತ್ತದೆ. ಶಾಲೆಗೆ, ಕಚೇರಿಗೆ ಹೊರಡುವ ಮೊದಲೇ ಅನ್ನದ ಊಟ ಮುಗಿಸುವುದು ಮಿಜೋ ಜನರ ಪದ್ಧತಿ.

ಮನೆಯಾಕೆ ಡಬ್ಬದಿಂದ ಅಕ್ಕಿ ಅಳೆದು ಪಾತ್ರೆಗೆ ಹಾಕಿಕೊಳ್ಳುತ್ತಾಳೆ. ಅದನ್ನು ತೊಳೆಯುವ ಮೊದಲು ಒಂದು ಹಿಡಿ ತೆಗೆದು, ಪಕ್ಕದಲ್ಲಿರುವ ಇನ್ನೊಂದು ಡಬ್ಬಕ್ಕೆ ಸುರಿಯುತ್ತಾಳೆ. ಸಂಜೆಯ ಅಡುಗೆಗೂ ಹಾಗೆಯೇ ಮಾಡುತ್ತಾಳೆ. ಈ ಎರಡನೆಯ ಡಬ್ಬದ ಅಕ್ಕಿ ಆ ಮನೆಯದಲ್ಲ. ಎಷ್ಟೇ ಕಷ್ಟ ಬಂದರೂ ಅದಕ್ಕೆ ಕೈ ಹಾಕುವಂತಿಲ್ಲ. ವಾರಕ್ಕೊಮ್ಮೆ ಚರ್ಚಿನ ಮಹಿಳೆಯರು ಮನೆ ಮನೆಗೆ ಬಂದು ಅದನ್ನು ಒಯ್ಯುತ್ತಾರೆ.

ಮಿಜೋ ಭಾಷೆಯಲ್ಲಿ ಇದಕ್ಕೆ ‘ಬುಫಾಯ್ ಥಾಮ್’ ಎಂದು ಹೆಸರು. ಬುಫಾಯ್ ಎಂದರೆ ಅಕ್ಕಿ, ಥಾಮ್ ಎಂದರೆ ಹಿಡಿ. ನೂರು ವರ್ಷ ದಾಟಿದ ಈ ರೂಢಿಯನ್ನು ನೋಡಿದರೆ, ತ್ಯಾಗ ಎಂಬ ದೊಡ್ಡ ಮಾತು ಒಂದು ಸಮಾಜದ ದಿನನಿತ್ಯದ ಬದುಕಿನಲ್ಲಿ ಎಷ್ಟು ಸಣ್ಣ ರೂಪ ತಾಳಬಲ್ಲುದು, ಸಣ್ಣದಾಗಿಯೂ ಎಷ್ಟು ದೂರ ಹೋಗಬಲ್ಲುದು ಎಂಬುದು ತಿಳಿಯುತ್ತದೆ.

ಸಾಯ್‌ರಾಂಗಿನ ದಡದಲ್ಲಿ

ಮಿಜೋರಾಂ ಪ್ರವೇಶಿಸಲು ಹೊರರಾಜ್ಯದ ಭಾರತೀಯರಿಗೂ ‘ಇನ್ನರ್ ಲೈನ್ ಪರ್ಮಿಟ್’ ಬೇಕು. ವಿಮಾನದಲ್ಲಿ ಬಂದವರು ಲೆಂಗ್‌ಪುಯಿಯಲ್ಲಿ ಇಳಿಯುತ್ತಾರೆ. ರೈಲು ಮಾತ್ರ ಬಹುಕಾಲ ರಾಜ್ಯದ ಅಂಚಿನ ಬೈರಾಬಿಯಲ್ಲೇ ನಿಂತುಬಿಡುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ, ನಲವತ್ತಕ್ಕೂ ಹೆಚ್ಚು ಸುರಂಗಗಳನ್ನು ದಾಟುವ ಹೊಸ ಹಳಿ ಐಜ್ವಾಲಿನ ಬಳಿಯ ಸಾಯ್‌ರಾಂಗಿಗೆ ತಲುಪಿತು.

ಸಾಯ್‌ರಾಂಗ್ ತ್ಲಾಂಗ್ ನದಿಯ ದಡದ ಸಣ್ಣ ಊರು. ಮಿಜೋ ಜನರ ನೆನಪಿನಲ್ಲಿ ಈ ಹೆಸರು ರೈಲಿಗಿಂತ ಮೊದಲೇ ನಿಂತಿದೆ. 1894ರ ಜನವರಿ 11ರಂದು ಜೆ.ಎಚ್. ಲೊರೇನ್ ಮತ್ತು ಎಫ್.ಡಬ್ಲ್ಯು. ಸ್ಯಾವಿಜ್ ಎಂಬ ಇಬ್ಬರು ಇಂಗ್ಲಿಷ್ ಯುವಕರು ದೋಣಿಯಲ್ಲಿ ಬಂದು ಇಳಿದದ್ದು ಇಲ್ಲಿಯೇ. ಬ್ರಿಟಿಷ್ ಸೇನೆ ಈ ಬೆಟ್ಟಗಳನ್ನು ವಶಪಡಿಸಿಕೊಂಡು ಕೆಲವೇ ವರ್ಷಗಳಾಗಿದ್ದವು. ಆ ಸಲ ಇಬ್ಬರೂ ಇದ್ದದ್ದು ನಾಲ್ಕು ವರ್ಷ. ಅಷ್ಟರಲ್ಲೇ ಲಿಪಿಯಿಲ್ಲದ ಮಿಜೋ ಭಾಷೆಗೆ ರೋಮನ್ ಅಕ್ಷರಮಾಲೆ ಹೊಂದಿಸಿದರು, ಶಾಲೆ ತೆರೆದರು, ವ್ಯಾಕರಣವನ್ನೂ ಪದಕೋಶವನ್ನೂ ಸಿದ್ಧಪಡಿಸಿದರು. ಇಂದಿಗೂ ಮಿಜೋ ಮಕ್ಕಳು ಕಲಿಯುವುದು ಆ ಅಕ್ಷರಮಾಲೆಯಿಂದ ಬೆಳೆದು ಬಂದ ಬರಹವನ್ನೇ.

ಇವರನ್ನು ಕಳಿಸಿದ ಮನುಷ್ಯನ ಕತೆ ಇನ್ನೂ ವಿಚಿತ್ರ. ಇಂಗ್ಲೆಂಡಿನ ಲೀಡ್ಸ್ ನಗರದ ರಾಬರ್ಟ್ ಆರ್ಥಿಂಗ್ಟನ್ ದೊಡ್ಡ ಆಸ್ತಿಯ ಒಡೆಯ. ಆದರೆ ದೊಡ್ಡ ಮನೆಯ ಒಂದೇ ಕೋಣೆಯಲ್ಲಿ, ಹಳೆಯ ಬಟ್ಟೆಯಲ್ಲಿ, ಬಡವನ ಊಟದಲ್ಲಿ ದಿನ ಕಳೆದವನು. ಊರವರು ಅವನನ್ನು ಜಿಪುಣನೆಂದು ಆಡಿಕೊಳ್ಳುತ್ತಿದ್ದರು. ಹಾಗೆ ಉಳಿಸಿದ ಹಣವನ್ನು, ತಾನೆಂದೂ ಕಾಣದ ದೂರದ ಜನರಿಗೆ ಧರ್ಮಬೋಧಕರನ್ನು ಕಳಿಸಲು ಕೊಟ್ಟ. 1900ರಲ್ಲಿ ತೀರಿಕೊಂಡ. ಒಬ್ಬ ಧನಿಕ ತನ್ನ ಊಟದಲ್ಲಿ ಮಾಡಿದ ಕಡಿತದಿಂದ ಆರಂಭವಾದ ಕೆಲಸ, ಮುಂದೆ ಬಡವರ ಊಟದಿಂದ ಎತ್ತಿಟ್ಟ ಹಿಡಿಯ ಮೇಲೆ ನಡೆಯಿತೆಂಬುದು ಇಲ್ಲಿನ ಚರಿತ್ರೆಯ ಒಂದು ವಿಶೇಷ.

ಬಲಿಯಿಂದ ಹಿಡಿಯವರೆಗೆ

ಮಿಜೋ ಜನರಿಗೆ ಬಲಿ ಎಂಬುದು ಹೊಸತಾಗಿರಲಿಲ್ಲ. ಕಾಡು, ಬಂಡೆ, ತೊರೆಗಳಲ್ಲಿ ವಾಸಿಸುವ ದುಷ್ಟಶಕ್ತಿಗಳಿಂದ ಕಾಯಿಲೆ ಬರುತ್ತದೆಂಬುದು ಹಿಂದಿನವರ ನಂಬಿಕೆ. ಮನೆಯಲ್ಲಿ ಯಾರಾದರೂ ಮಲಗಿದರೆ ‘ಬೋಲ್‌ಪು’ ಎಂಬ ಪೂಜಾರಿ ಬಂದು ನಾಡಿ ಹಿಡಿದು, ಯಾವ ಪ್ರಾಣಿಯನ್ನು ಕೊಡಬೇಕೆಂದು ಹೇಳುತ್ತಿದ್ದ. ಕೋಳಿ, ಹಂದಿ, ಆಡು ಹೀಗೆ ಒಂದೊಂದಾಗಿ ಹೋಗುತ್ತಿದ್ದವು. ಕಾಯಿಲೆ ಉದ್ದವಾದಷ್ಟೂ ಮನೆ ಬರಿದಾಗುತ್ತಿತ್ತು.

ಸತ್ತ ಮೇಲಿನ ಲೋಕಕ್ಕೂ ಅಂತಸ್ತಿತ್ತು. ‘ಪಿಯಾಲ್‌ರಾಲ್’ ಎಂಬ ಸುಖದ ನಾಡಿನಲ್ಲಿ ದುಡಿಮೆಯಿಲ್ಲದೆ, ಕುಟ್ಟಿ ಸಿದ್ಧವಾದ ಅಕ್ಕಿ ಸಿಗುತ್ತದೆಂಬುದು ಅವರ ಕಲ್ಪನೆ. ಕಡಿದಾದ ಗುಡ್ಡದಲ್ಲಿ ಕುಮ್ರಿ ಕಡಿದು, ಬಿತ್ತಿ, ಕೊಯ್ದು, ಹೊತ್ತು ತಂದು ಒನಕೆಯಲ್ಲಿ ಕುಟ್ಟುವವರ ಸ್ವರ್ಗ ಬೇರೆ ಹೇಗಿದ್ದೀತು? ಆದರೆ ಆ ನಾಡಿನ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಮಿಥುನ್ ಎಂಬ ಬೆಟ್ಟದ ದನಗಳನ್ನು ಕಡಿದು ಊರಿಗೆಲ್ಲ ಔತಣಗಳನ್ನು ಕೊಟ್ಟ ಸಿರಿವಂತರು ಅಥವಾ ದೊಡ್ಡ ಪ್ರಾಣಿಗಳನ್ನು ಬೇಟೆಯಾಡಿದ ಶೂರರು ಮಾತ್ರ ಒಳಹೋಗಬಹುದಿತ್ತು. ಉಳಿದವರದು ಸತ್ತವರ ಸಾಮಾನ್ಯ ಊರು.

ಕ್ರೈಸ್ತ ಧರ್ಮ ಇಲ್ಲಿಗೆ ತಂದ ದೊಡ್ಡ ಬದಲಾವಣೆ ಈ ಎಡೆಯಲ್ಲಿ. ಶಿಲುಬೆಯ ಮೇಲೆ ಕ್ರಿಸ್ತನು ಒಮ್ಮೆಗೇ, ಎಲ್ಲರಿಗಾಗಿ ಬಲಿಯಾದನೆಂಬುದು ಆ ಧರ್ಮದ ತಿರುಳು. ಕರ್ನಾಟಕದ ಕಥೋಲಿಕರು ತಮ್ಮ ಮುಖ್ಯ ಆರಾಧನೆಯನ್ನು ‘ಬಲಿಪೂಜೆ’ ಎಂದು ಕರೆಯುವುದೂ ಇದೇ ಕಾರಣಕ್ಕೆ. ಹಾಗಿದ್ದ ಮೇಲೆ ಕೋಳಿ, ಹಂದಿಗಳ ರಕ್ತ ಬೇಕಿಲ್ಲ. ಮತ್ತೇನು ಬೇಕು? ನಂಬುವವನು ತನ್ನ ಬದುಕನ್ನೇ ಜೀವಂತ ಕಾಣಿಕೆಯಾಗಿ ಒಪ್ಪಿಸಬೇಕೆಂದು ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಭಯದಿಂದ ಕೊಡುವುದು ಹೋಗಿ ಕೃತಜ್ಞತೆಯಿಂದ ಕೊಡುವುದು ಬರಬೇಕೆಂಬುದು ಅದರ ಆಶಯ.

ಬದುಕನ್ನೇ ಕೊಡುವುದೆಂದರೇನು ಎಂಬ ಪ್ರಶ್ನೆಗೆ ಪಂಡಿತರು ಪುಸ್ತಕಗಳಲ್ಲಿ ಉತ್ತರ ಹುಡುಕಿದರು. ಮಿಜೋ ಹೆಂಗಸರಿಗೆ ಉತ್ತರ ಸಿಕ್ಕಿದ್ದು ಅಕ್ಕಿಯ ಡಬ್ಬದಲ್ಲಿ. ಕೊಡಲು ಮಿಥುನ್ ಬೇಕಿಲ್ಲ, ಹಣವೂ ಬೇಕಿಲ್ಲ. ಇಂದು ಮನೆಯಲ್ಲಿ ಒಲೆ ಹೊತ್ತಿದರೆ, ಇಂದು ಕೊಡಲು ಏನೋ ಒಂದು ಇದ್ದೇ ಇದೆ.

ಬರಗಾಲದ ನಾಡಿನ ಅಕ್ಕಿ

ಹಿಡಿ ಅಕ್ಕಿಯ ಪದ್ಧತಿ ನೆರೆಯ ಖಾಸಿ ಬೆಟ್ಟಗಳ ಚರ್ಚುಗಳಿಂದ ಮಿಜೋ ನಾಡಿಗೆ ಬಂದದ್ದು 1910ರ ನಂತರದ ವರ್ಷಗಳಲ್ಲಿ. ಆರಂಭದಲ್ಲಿ ಆ ಅಕ್ಕಿ ಊರೂರು ತಿರುಗಿ ಬೋಧಿಸುವ ಮಹಿಳೆಯರಿಗೆ ಆಸರೆಯಾಯಿತು. ಉತ್ತರದ ಪ್ರೆಸ್ಬಿಟೀರಿಯನ್ ಸಭೆಗಳಲ್ಲಿ ಬೇರೂರಿದ ರೂಢಿ ದಕ್ಷಿಣದ ಬ್ಯಾಪ್ಟಿಸ್ಟ್ ಸಭೆಗಳಲ್ಲೂ ನೆಲೆಸಿತು.

ಆ ಕಾಲ ಎಂಥದೆಂಬುದನ್ನು ಗಮನಿಸಬೇಕು. ಬಿದಿರು ಹೂ ಬಿಟ್ಟರೆ ಬರಗಾಲ ಬರುತ್ತದೆಂಬ ಮಾತು ಮಲೆನಾಡಿನ ಹಿರಿಯರಿಗೆ ಗೊತ್ತು. ಮಿಜೋರಾಂನಲ್ಲಿ ಅದು ಬರೀ ನಂಬಿಕೆಯಲ್ಲ, ಲೆಕ್ಕವಿಟ್ಟು ಬರುವ ಸಂಕಟ. ಇಲ್ಲಿನ ಗುಡ್ಡಗಳನ್ನು ಮುಚ್ಚಿರುವ ಒಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು ಸಾಯುತ್ತದೆ. ಉದುರಿದ ಬೀಜ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಬೀಜ ಮುಗಿದೊಡನೆ ಗದ್ದೆಗೂ ಕಣಜಕ್ಕೂ ನುಗ್ಗುತ್ತವೆ. ಇದಕ್ಕೆ ‘ಮಾವ್ಟಾಮ್’ ಎಂದು ಹೆಸರು. 1911-12ರಲ್ಲಿ, 1959ರಲ್ಲಿ, 2007ರಲ್ಲಿ ಇದು ನಡೆದಿದೆ. 1959ರ ಬರದಲ್ಲಿ ಸರ್ಕಾರದ ನೆರವು ಸಾಲದೆಂಬ ಸಿಟ್ಟಿನಿಂದ ಹುಟ್ಟಿದ ಸಂಘಟನೆಯೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ದಂಗೆ, ಐಜ್ವಾಲಿನ ಮೇಲೆ ಬಿದ್ದ ಬಾಂಬುಗಳು, ಒಕ್ಕಲೆದ್ದ ಹಳ್ಳಿಗಳು, ಇವೆಲ್ಲ ಆದ ಇಪ್ಪತ್ತು ವರ್ಷಗಳ ಮೇಲೆ 1986ರಲ್ಲಿ ಶಾಂತಿ ಒಪ್ಪಂದವಾಯಿತು.

ಹೀಗೆ ಹಿಡಿ ಅಕ್ಕಿಯ ಪದ್ಧತಿ ಬೇರೂರಿದ್ದು ಅಕ್ಕಿ ಹೇರಳವಾಗಿದ್ದ ನಾಡಿನಲ್ಲಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಚಾರೆಪ್ತಾ ಊರಿನ ಒಬ್ಬ ವಿಧವೆಯ ಕತೆ ಬರುತ್ತದೆ. ಬರಗಾಲದಲ್ಲಿ ಅವಳ ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು. ಅದರಲ್ಲಿ ಮೊದಲ ರೊಟ್ಟಿಯನ್ನು ಪ್ರವಾದಿ ಎಲೀಯನಿಗೆ ಮಾಡಿಕೊಡುತ್ತಾಳೆ. ಬರ ಕಳೆಯುವವರೆಗೆ ಮಡಕೆ ಬರಿದಾಗುವುದಿಲ್ಲ. ಕಣಜಕ್ಕೆ ಇಲಿ ನುಗ್ಗಿದ್ದನ್ನು ಕಂಡವರಿಗೆ ಈ ಕತೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಗ್ರಹವಾದ ಅಕ್ಕಿಯನ್ನು ಚರ್ಚಿನಲ್ಲಿ ಅಳೆದು ಮಾರುತ್ತಾರೆ. ಬಂದ ಹಣ ಸುವಾರ್ತಾ ಸೇವೆಗೆ ಹೋಗುತ್ತದೆ. ವಿದ್ಯಾರ್ಥಿಗಳು ಇದರ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಒಂದು ಹಿಡಿಗೆ 50 ಗ್ರಾಂ ಎಂದುಕೊಂಡರೆ, ಎರಡು ಹೊತ್ತಿಗೆ 100 ಗ್ರಾಂ, ವರ್ಷಕ್ಕೆ ಮೂವತ್ತಾರೂವರೆ ಕಿಲೋ. ಸಾವಿರ ಮನೆಗಳಿದ್ದರೆ ಮೂವತ್ತಾರೂವರೆ ಟನ್. ಮನೆಯವರು ಉಪವಾಸ ಬೀಳಲಿಲ್ಲ. ಆದರೂ ಲಾರಿಗಟ್ಟಲೆ ಅಕ್ಕಿ ಕೂಡಿತು. ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಇಂದು ಈ ಅಕ್ಕಿಯ ಹಣ ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿದೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಹನ್ನೊಂದು ಲಕ್ಷಕ್ಕೂ ಕಡಿಮೆ, ಅದರಲ್ಲಿ ಶೇಕಡಾ 87ರಷ್ಟು ಕ್ರೈಸ್ತರು. ಇಷ್ಟು ಸಣ್ಣ ಸಮಾಜ ಇಂದು ಸಾವಿರಕ್ಕೂ ಹೆಚ್ಚು ಸೇವಕರನ್ನು ದೇಶದ ನಾನಾ ಕಡೆಗಳಲ್ಲಿ ಇರಿಸಿಕೊಂಡಿದೆ.

ಹಿಡಿ ಅಕ್ಕಿ ಎತ್ತಿಡುವುದು ಕನ್ನಡನಾಡಿಗೂ ಅಪರಿಚಿತವಲ್ಲ. ಮಠದ ದಾಸೋಹಕ್ಕೆಂದು ಹಿಡಿ ಜೋಳ, ಹಿಡಿ ಅಕ್ಕಿ ಕೂಡಿಡುತ್ತಿದ್ದ ಅಜ್ಜಿಯರನ್ನು ಅನೇಕ ಮನೆಗಳು ಕಂಡಿವೆ. ಮಿಜೋರಾಂನಲ್ಲಿ ಗಮನ ಸೆಳೆಯುವುದು ಅದರ ಶಿಸ್ತು. ಹಬ್ಬಕ್ಕೊಮ್ಮೆ ಅಲ್ಲ, ಹರಕೆಗೆ ಅಲ್ಲ, ಅಡುಗೆ ಮಾಡಿದಾಗಲೆಲ್ಲ. ಉಳಿದದ್ದನ್ನು ಕೊಡುವುದೂ ಅಲ್ಲ. ಉಣ್ಣುವ ಮೊದಲೇ, ಬೇಯಿಸುವ ಮೊದಲೇ ಎತ್ತಿಡುವುದು.

ಒಲೆಯಿಂದ ಬೀದಿಗೆ

ಅಡುಗೆಮನೆಯಲ್ಲಿ ಕಲಿತದ್ದು ಹೊಸ್ತಿಲು ದಾಟುತ್ತದೆಯೇ? ಐಜ್ವಾಲಿನ ಬೀದಿಗೆ ಇಳಿದವರಿಗೆ ಮೊದಲು ಅನುಭವವಾಗುವುದು ಮೌನ. ಇಕ್ಕಟ್ಟಾದ ಏರುರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ. ಆದರೆ ಹಾರನ್ ಕೇಳಿಸುವುದು ಅಪರೂಪ. ಪಕ್ಕದ ಅರ್ಧ ರಸ್ತೆ ಖಾಲಿಯಿದ್ದರೂ ಯಾರೂ ಮುಂದೆ ನುಗ್ಗುವುದಿಲ್ಲ. ಅದು ಎದುರಿನಿಂದ ಬರುವವರ ಪಾಲು. ತನ್ನ ಅವಸರವನ್ನು ಬಿಟ್ಟುಕೊಡುವುದೂ ಒಂದು ಬಗೆಯ ತ್ಯಾಗವೇ ತಾನೆ?

ನಗರದಿಂದ ಪೂರ್ವಕ್ಕೆ ಸೇಲಿಂಗ್ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಬಿದಿರಿನ ಸಣ್ಣ ಗೂಡಂಗಡಿಗಳು ಕಾಣಸಿಗುತ್ತವೆ. ತರಕಾರಿ, ಹಣ್ಣು, ಹಣ್ಣಿನ ರಸದ ಬಾಟಲಿಗಳನ್ನು ಜೋಡಿಸಿಟ್ಟಿರುತ್ತಾರೆ. ಬೆಲೆ ಬರೆದ ಹಲಗೆಯೂ ಹಣ ಹಾಕಲು ಒಂದು ಡಬ್ಬವೂ ಇರುತ್ತದೆ. ಅಂಗಡಿಯವರು ಮಾತ್ರ ಇರುವುದಿಲ್ಲ. ಅವರು ಹೊಲದಲ್ಲಿ ದುಡಿಯುತ್ತಿರುತ್ತಾರೆ. ಕೊಂಡವರು ಹಣ ಹಾಕಿ, ಚಿಲ್ಲರೆ ತಾವೇ ತೆಗೆದುಕೊಂಡು ಹೋಗುತ್ತಾರೆ. ‘ಙಾ ಲೋ ದೋರ್’, ಅಂದರೆ ಕಾವಲಿಲ್ಲದ ಅಂಗಡಿ ಎಂದು ಇದಕ್ಕೆ ಹೆಸರು.

ಸಾವಿನ ಮನೆಯಲ್ಲಿ ಈ ಗುಣ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಡಾವಣೆಯ ಧ್ವನಿವರ್ಧಕದಲ್ಲಿ ಸಾವಿನ ಸುದ್ದಿ ಕೇಳಿದೊಡನೆ ಯಂಗ್ ಮಿಜೋ ಅಸೋಸಿಯೇಷನ್ನಿನ ಹುಡುಗರು ಗುದ್ದಲಿ ಹಿಡಿದು ಹೊರಡುತ್ತಾರೆ. 1935ರಲ್ಲಿ ಹುಟ್ಟಿದ ಈ ಸಂಘಕ್ಕೆ ಊರೂರಿನಲ್ಲಿ ಶಾಖೆಗಳಿವೆ. ಗುಂಡಿ ತೋಡುವುದಕ್ಕೆ ಕೂಲಿಯಿಲ್ಲ, ಕೇಳುವುದೂ ಇಲ್ಲ. ಸಂಜೆಯಾದರೆ ನೆರೆಹೊರೆಯವರು ಆ ಮನೆಯಲ್ಲಿ ಸೇರಿ ಹಾಡುತ್ತಾರೆ. ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡಬಾರದೆಂಬುದು ನಿಯಮ.

ಇದೆಲ್ಲವೂ ಚರ್ಚಿನಿಂದಲೇ ಬಂತೆಂದು ಹೇಳಿದರೆ ತಪ್ಪಾಗುತ್ತದೆ. ತನ್ನ ಅನುಕೂಲವನ್ನು ಹಿಂದಿಟ್ಟು ಇತರರಿಗೆ ನೆರವಾಗುವುದನ್ನು ಮಿಜೋ ಜನ ‘ತ್ಲಾಮ್‌ಙಾಯ್ನಾ’ ಎನ್ನುತ್ತಾರೆ. ಮಿಷನರಿಗಳು ಬರುವುದಕ್ಕೆ ಎಷ್ಟೋ ಮೊದಲೇ ಆ ಮಾತೂ ಆ ನಡತೆಯೂ ಇಲ್ಲಿದ್ದವು. ಹೊಸ ಧರ್ಮದ ಬೀಜ ಹದವಾದ ನೆಲದ ಮೇಲೆ ಬಿತ್ತು ಎನ್ನುವುದೇ ಸರಿ.

ಹಿಡಿಯ ಅಳತೆ

ಇಂಥ ಸಮಾಜಕ್ಕೆ ಕಠಿಣ ಪ್ರಶ್ನೆಗಳೂ ಎದುರಾಗುತ್ತವೆ. ಎಲ್ಲರೂ ಕೊಡುವ ಊರಿನಲ್ಲಿ ಕೊಡದಿರುವುದು ಸುಲಭವಲ್ಲ. ಹಿಡಿ ಅಕ್ಕಿಯಲ್ಲದೆ ಆದಾಯದ ಹತ್ತನೆಯ ಒಂದು ಪಾಲನ್ನೂ ಚರ್ಚಿಗೆ ಕೊಡುವ ರೂಢಿ ಇಲ್ಲಿದೆ. ಕಟ್ಟಡಕ್ಕೆ, ಸಮ್ಮೇಳನಕ್ಕೆ ಬೇರೆ ಕಾಣಿಕೆಗಳುಂಟು. ನೆರೆಯವರ ಕಣ್ಣಿಗೆ ಅಂಜಿ ಕೊಟ್ಟರೆ ಅದು ತ್ಯಾಗವೇ, ಅಥವಾ ಹೊಸ ಬಗೆಯ ತೆರಿಗೆಯೇ? ಪೂಜಾರಿಗೆ ಹೆದರಿ ಕೋಳಿ ಕೊಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮತ್ತೊಂದು ಪ್ರಶ್ನೆ ಹೆಂಗಸರದು. ನೂರು ವರ್ಷ ಹಿಡಿ ಎತ್ತಿಟ್ಟವರು ಅವರು, ಮನೆ ಮನೆ ತಿರುಗಿ ಕೂಡಿಸಿದವರೂ ಅವರು. ಸಭಾಪಾಲಕರ ಪೀಠ ಮಾತ್ರ ಬಹುಕಾಲ ಗಂಡಸರದೇ ಆಗಿತ್ತು.

ಅಳತೆಗೆ ನಿಲ್ಲುವ ಇನ್ನೊಂದು ಎಡೆ ಗಡಿ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಕಸಿದುಕೊಂಡ ಮೇಲೆ, ಚಿನ್ ಬೆಟ್ಟಗಳ ಜನ ತಿಯಾವ್ ನದಿ ದಾಟಿ ಮಿಜೋರಾಂಗೆ ಬಂದರು. ಅವರ ಸಂಖ್ಯೆ ಮೂವತ್ತು ಸಾವಿರ ಮೀರಿತು. ಗಡಿಯ ಹಳ್ಳಿಗಳು, ಚರ್ಚುಗಳು, ಯುವಕ ಸಂಘಗಳು ಅವರಿಗೆ ಸೂರು ಕಟ್ಟಿಕೊಟ್ಟವು, ಅಕ್ಕಿ ಹಂಚಿದವು. ಇದು ಸಣ್ಣ ಮಾತಲ್ಲ. ಆದರೆ ಬಂದವರು ರಕ್ತಸಂಬಂಧಿಗಳು, ಹತ್ತಿರದ ಭಾಷೆಯನ್ನಾಡುವವರು. ಇದೇ ರಾಜ್ಯದಿಂದ 1997ರಲ್ಲಿ ಜನಾಂಗೀಯ ಕಲಹದಿಂದಾಗಿ ಬ್ರೂ ಸಮುದಾಯದ ಸಾವಿರಾರು ಜನ ತ್ರಿಪುರಕ್ಕೆ ಓಡಿಹೋದರು. ಎರಡು ದಶಕ ಶಿಬಿರಗಳಲ್ಲಿ ಕಳೆದ ಅವರಿಗೆ 2020ರ ಒಪ್ಪಂದದಂತೆ ತ್ರಿಪುರದಲ್ಲೇ ನೆಲೆ ಕೊಡಬೇಕಾಯಿತು. ತನ್ನವರಿಗೆ ಕೊಡುವ ಹಿಡಿ ದೊಡ್ಡದು, ಹೊರಗಿನವರಿಗೆ ಕೊಡುವ ಹಿಡಿ ಬಿಗಿಯಾದದ್ದು. ಇದು ಮಿಜೋ ಜನರೊಬ್ಬರದೇ ಕತೆಯಲ್ಲ, ಯಾವ ನಾಡಿನವರೂ ಇದನ್ನು ಓದಿ ತಮ್ಮ ಅಂಗೈ ನೋಡಿಕೊಳ್ಳಬಹುದು.

ಕಾಲವೂ ಬದಲಾಗಿದೆ. ಈಗ ರಾಜ್ಯಕ್ಕೆ ಬೇಕಾದಷ್ಟು ಅಕ್ಕಿ ಇಲ್ಲಿ ಬೆಳೆಯುವುದಿಲ್ಲ. ಎಷ್ಟೋ ಮನೆಗಳ ಡಬ್ಬದಲ್ಲಿರುವುದು ಕುಮ್ರಿಯ ಅಕ್ಕಿಯಲ್ಲ, ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ಅಕ್ಕಿ. ಓದಲೆಂದು, ದುಡಿಯಲೆಂದು ಮಿಜೋ ಯುವಕ ಯುವತಿಯರು ದೆಹಲಿ, ಬೆಂಗಳೂರುಗಳಿಗೆ ಹೋಗುತ್ತಾರೆ. ಹಾಸ್ಟೆಲಿನಲ್ಲಿ ತಟ್ಟೆಗೆ ಬಡಿಸಿದ ಅನ್ನ ಬರುತ್ತದೆ. ಎತ್ತಿಡಲು ಅಲ್ಲಿ ಅಕ್ಕಿಯೂ ಇಲ್ಲ, ಪಕ್ಕದಲ್ಲಿ ಎರಡನೆಯ ಡಬ್ಬವೂ ಇಲ್ಲ. ತಿಂಗಳ ಖರ್ಚಿಗೆ ಮನೆಯಿಂದ ಬಂದ ಹಣದಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿಯ ಸಮಯದಲ್ಲಿ, ಕಾಯಿಲೆ ಬಿದ್ದ ಗೆಳೆಯನಿಗಾಗಿ ಬಿಟ್ಟುಕೊಡುವ ನಿದ್ದೆಯಲ್ಲಿ, ಅವರು ತಮ್ಮ ಹಿಡಿಯನ್ನು ತಾವೇ ಹುಡುಕಿಕೊಳ್ಳಬೇಕು.

ಹುಡುಕಿಕೊಳ್ಳುವ ಅಭ್ಯಾಸ ಬಂದದ್ದು ಮಾತ್ರ ಮನೆಯಿಂದ. ತ್ಯಾಗ ಮಾಡಬೇಕೆಂದು ಮಕ್ಕಳಿಗೆ ಉಪದೇಶ ಮಾಡುವ ತಂದೆತಾಯಿಗಳು ಎಲ್ಲ ಊರಲ್ಲೂ ಇದ್ದಾರೆ. ಐಜ್ವಾಲಿನ ಮಗು ಅದನ್ನು ಕಿವಿಯಿಂದ ಕೇಳುವುದಕ್ಕಿಂತ ಮೊದಲು ಕಣ್ಣಿನಿಂದ ಕಂಡಿರುತ್ತದೆ. ತಾನಿನ್ನೂ ಹಸಿದಿರುವಾಗ, ಒಲೆಯ ಮೇಲೆ ನೀರು ಕಾಯುತ್ತಿರುವಾಗ, ಅಮ್ಮ ತನ್ನ ಪಾಲಿಗೆ ಅಳೆದ ಅಕ್ಕಿಯಿಂದಲೇ ಒಂದು ಹಿಡಿ ತೆಗೆದಳು. ಯಾರಿಗೆಂದು ಕೇಳಿದರೆ, ತಾನೆಂದೂ ಕಾಣದ ಯಾರಿಗೋ. ಬೆಳಗಿನ ಊಟವಾಗಿ ಮಗು ಶಾಲೆಯ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತದೆ. ಅಡುಗೆಮನೆಯ ಮೂಲೆಯಲ್ಲಿ ಎರಡನೆಯ ಡಬ್ಬ ನಿನ್ನೆಗಿಂತ ಎರಡು ಹಿಡಿ ಹೆಚ್ಚು ತುಂಬಿ, ವಾರದ ಕೊನೆಯ ದಿನಕ್ಕಾಗಿ ಕಾದಿರುತ್ತದೆ.